ಪಾರ್ಟ್ ಸಿಗತ್ತೆ, ಸರಿಯಾದ ಪಾರ್ಟ್ ಸಿಗಬೇಕಲ್ಲ: 1966ರ ಎಂಜಿಬಿ ಕೆಲಸ

ಎಂಜಿಬಿ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಪಾರ್ಟ್ ಸಿಗಲ್ಲ ಅಂತ ಯಾರೂ ಹೇಳಲ್ಲ, ಹೇಳೋ ಹಾಗೂ ಇಲ್ಲ. 1962ರಿಂದ 1980ರ ತನಕ ಇಂಗ್ಲೆಂಡಿನ ಅಬಿಂಗ್ಡನ್ ಫ್ಯಾಕ್ಟರೀಲಿ 5 ಲಕ್ಷಕ್ಕೂ ಜಾಸ್ತಿ ಗಾಡಿ ಮಾಡಿದಾರೆ, ಹಂಗಾಗಿ ಇವತ್ತಿಗೂ ಬೋಲ್ಟಿಂದ ಹಿಡಿದು ಬಾನೆಟ್ ತನಕ ಎಲ್ಲಾ ಹೊಸದು ಸಿಗತ್ತೆ, ಅಷ್ಟೇ ಯಾಕೆ 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಹಳೇ ಡೈ, ಅಂದ್ರೆ ತಗಡು ಒತ್ತೋ ಅಚ್ಚು, ಇಟ್ಕೊಂಡು ಇಡೀ ಬಾಡಿ ಶೆಲ್ಲೇ ಮಾಡಿ ಕೊಡ್ತಿದಾರೆ. ತೊಂದರೆ ಶುರುವಾಗೋದೇ ಅಲ್ಲಿ. 18 ವರ್ಷ ದೂರದಿಂದ ನೋಡಿದ್ರೆ ಒಂದೇ ಥರ ಕಾಣೋ ಕಾರು, ಒಳಗಡೆ ಮಾತ್ರ ಸದ್ದಿಲ್ದೆ ಬದಲಾಗ್ತಾನೇ ಬಂತು, ಅಂಗಡಿ ಲಿಸ್ಟಲ್ಲಿ ನೋಡಿದ್ರೆ "ಎಂಜಿಬಿ 62-80" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರ್ತಾರೆ. ಆ ಸಾಲು ನಂಬ್ಕೊಂಡು ಆರ್ಡರ್ ಹಾಕಿದ್ರೆ ಪಾರ್ಸಲ್ ವಾಪಸ್ ಕಳ್ಸೋದೇ ಒಂದು ಕೆಲಸ ಆಗೋಗತ್ತೆ.

ನನ್ನ ಹತ್ರ ಇರೋದು 1966ರ ರೋಡ್‌ಸ್ಟರ್. ಬಂದಾಗ ಅರ್ಧ ಕಾರು, ಇನ್ನರ್ಧ ಡಬ್ಬ. ಹಿಂದಿನವರು ಯಾರೋ ಉತ್ಸಾಹದಲ್ಲಿ ಬಿಚ್ಚಿ ಹಾಕಿ, ಡಬ್ಬ ಮೇಲೆ ಒಂದು ಹೆಸರೂ ಬರೀದೆ, ಆಮೇಲೆ ಉತ್ಸಾಹ ಇಳಿದು ಮಾರಿಬಿಟ್ಟಿದಾರೆ. ಅದಕ್ಕಿಂತ ಹಿಂದಿನವರು ಸಿಕ್ಕಿದ್ದೆಲ್ಲಾ ಹಾಕಿ ಓಡ್ಸಿದಾರೆ. ಹಂಗಾಗಿ ಡಬ್ಬದಲ್ಲಿ ಇರೋದು ಈ ಕಾರಿಂದೇ ಅನ್ನೋ ಗ್ಯಾರಂಟಿ ಇಲ್ಲ, ಕಾರಲ್ಲಿ ಫಿಟ್ ಆಗಿರೋದಕ್ಕೂ ಇಲ್ಲ.

ಸ್ಪ್ಯಾನರ್ ಮುಟ್ಟೋ ಮುಂಚೆ ನೋಟ್‌ಬುಕ್ ಹಿಡ್ಕೊಂಡು ಕೂತೆ. ಚಾಸಿ ಪ್ಲೇಟಲ್ಲಿ ಜಿಎಚ್‌ಎನ್3 ಅಂತ ಇದೆ. ಜಿ ಅಂದ್ರೆ ಎಂಜಿ, ಎಚ್ ಅಂದ್ರೆ 1400ರಿಂದ 1999 ಸಿಸಿ ಇಂಜಿನ್, ಎನ್ ಅಂದ್ರೆ ಎರಡು ಸೀಟಿನ ಓಪನ್ ಕಾರು, 3 ಅನ್ನೋದು ಸೀರೀಸು. ಜಿಟಿ, ಅಂದ್ರೆ ಮೇಲೆ ಮುಚ್ಚಿರೋ ಮಾಡೆಲ್, ಆಗಿದ್ರೆ ಎನ್ ಜಾಗದಲ್ಲಿ ಡಿ ಇರತ್ತೆ. ಇಂಜಿನ್ ಬ್ಲಾಕಿಗೆ ರಿವಿಟ್ ಹೊಡೆದಿರೋ ಪ್ಲೇಟಲ್ಲಿ 18ಜಿಬಿ. ಇದು ಐದು ಮೇನ್ ಬೇರಿಂಗ್ (ಕ್ರ್ಯಾಂಕ್ ಶಾಫ್ಟ್ ಹಿಡಿಯೋ ಬೇರಿಂಗ್) ಇಂಜಿನ್, 1964ರ ಕೊನೇಲಿ ಬಂದಿದ್ದು, ಅದಕ್ಕಿಂತ ಹಿಂದಿನ 18ಜಿ ಮತ್ತೆ 18ಜಿಎ ಮೂರೇ ಬೇರಿಂಗಿಂದು. ಎಲ್ಲಾ 1798 ಸಿಸಿನೇ, ಆದ್ರೆ ಕ್ರ್ಯಾಂಕ್ ಬೇರೆ, ಬೇರಿಂಗ್ ಸೆಟ್ ಬೇರೆ. ಈ ನಂಬರ್‌ಗಳು ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟರ್ ಮ್ಯೂಸಿಯಂನವರ ಹತ್ರ ಇರೋ ಫ್ಯಾಕ್ಟರಿ ಲೆಡ್ಜರಿಗೆ ಹೊಂದತ್ತಾ ಅಂತ ನೋಡಕ್ಕೆ ಹೆರಿಟೇಜ್ ಸರ್ಟಿಫಿಕೇಟ್ ತರಿಸ್ಕೊಂಡೆ, ಅದ್ರಲ್ಲಿ ಕಾರು ತಯಾರಾದ ದಿನ, ಇಂಜಿನ್ ನಂಬರ್, ಮೂಲ ಬಣ್ಣ ಎಲ್ಲಾ ಬರತ್ತೆ. ಇಂಜಿನ್ ಹೊಂದಿತು, ಪುಣ್ಯ.

ಈ ಸರ್ಟಿಫಿಕೇಟ್ ಬರೀ ಗೋಡೆಗೆ ಹಾಕೋ ಶೋಕಿ ಅಲ್ಲ. ಎಂಜಿ ಕಾರು ಮಾಡ್ತಿದ್ದ ಬಿಎಂಸಿ ಕಂಪನಿಯವರ ಪಾರ್ಟ್ಸ್ ಪುಸ್ತಕ ಎಲ್ಲೂ ವರ್ಷದ ಲೆಕ್ಕದಲ್ಲಿ ಮಾತಾಡಲ್ಲ. "ಇಂಥಾ ಕಾರ್ ನಂಬರಿಂದ ಮುಂದಕ್ಕೆ ಈ ಪಾರ್ಟು, ಅಲ್ಲೀತನಕ ಆ ಪಾರ್ಟು" ಅನ್ನೋದೇ ಅದರ ಭಾಷೆ. ರಿಜಿಸ್ಟ್ರೇಷನ್ ಪೇಪರಲ್ಲಿರೋ ವರ್ಷ ಕಾರು ಮಾರಾಟ ಆದ ವರ್ಷ ಇರಬಹುದು, ಶಿಪ್ಪಲ್ಲಿ ಹೋಗಿ ಶೋರೂಮಲ್ಲಿ ತಿಂಗಳುಗಟ್ಲೆ ನಿಂತಿದ್ದ ಗಾಡಿ ಇರಬಹುದು. ವರ್ಷ ಹೇಳಿ ಪಾರ್ಟ್ ಕೇಳೋರಿಗೆ ಅಂದಾಜಲ್ಲಿ ಪಾರ್ಟ್ ಸಿಗತ್ತೆ, ಕಾರ್ ನಂಬರ್ ಹೇಳಿ ಕೇಳಿದ್ರೆ ಕಾರು ಫ್ಯಾಕ್ಟರಿಯಿಂದ ಹೊರಗೆ ಬಂದಾಗ ಏನಿತ್ತೋ ಅದು ಸಿಗತ್ತೆ. ಆದ್ರೆ ಈಗ ಕಾರಲ್ಲಿ ಏನಿದೆ ಅನ್ನೋದನ್ನ ಪಾರ್ಟ್ ಮೇಲೆ ಗುದ್ದಿರೋ ಅಕ್ಷರ ಮಾತ್ರ ಹೇಳತ್ತೆ. ಹಂಗಾಗಿ ನನ್ನ ಪಟ್ಟಿಯಲ್ಲಿ ಎರಡು ಕಾಲಂ, ಏನಿರಬೇಕು, ಏನಿದೆ. ಎರಡೂ ಹೊಂದೋ ಸಾಲುಗಳು ನಾನು ಅಂದ್ಕೊಂಡಿದ್ದಕ್ಕಿಂತ ಕಮ್ಮಿನೇ ಇದ್ವು.

ಬೇಗ ಬಗೆಹರಿದಿದ್ದು ಮೊದ್ಲು ಹೇಳ್ಬಿಡ್ತೀನಿ. ಬಾನೆಟ್ಟಿಗೆ ಮ್ಯಾಗ್ನೆಟ್ ಹಿಡಿದ್ರೆ ಅಂಟಲಿಲ್ಲ, ಅಂದ್ರೆ ಅಲ್ಯೂಮಿನಿಯಂ, ಅಂದ್ರೆ ಮೂಲದ್ದೇ, ಸ್ಟೀಲ್ ಬಾನೆಟ್ ಆಮೇಲೆ ಬಂದಿದ್ದು. ಬಾಗ್ಲು ಪುಶ್ ಬಟನ್ ಹ್ಯಾಂಡಲ್ಲು, ಅದು 1965ರಿಂದ ಈಚೆಗೆ, ಅದಕ್ಕೂ ಹಿಂದಿನದು ಎಳೆಯೋ ಹ್ಯಾಂಡಲ್ಲು, ಲಾಕ್ ಒಳಗಿನ ಮೆಕ್ಯಾನಿಸಂ ಕೂಡ ಬೇರೆ. ಪೆಟ್ರೋಲ್ ಟ್ಯಾಂಕ್ ತೂತು ಬಿದ್ದಿತ್ತು, ಹೊಸದು ತರಿಸ್ಬೇಕಾದ್ರೆ ಒಂದೇ ಪ್ರಶ್ನೆ, ಪಟ್ಟಿ ಕಟ್ಟೋ 10 ಗ್ಯಾಲನ್ ಟ್ಯಾಂಕಾ, ಅಂಚಿಗೆ ಬೋಲ್ಟ್ ಹಾಕೋ 12 ಗ್ಯಾಲನ್ ಟ್ಯಾಂಕಾ. 1965ರಲ್ಲಿ ಅದು ಬದಲಾಯ್ತು, ನಂದು ಬೋಲ್ಟಿಂದು, ತರಿಸ್ದೆ, ಕೂತ್ಕೊಳ್ತು. ಸ್ಟಾರ್ಟರ್ ಮೋಟರ್ ಡಬ್ಬದಲ್ಲಿ ಎರಡಿತ್ತು, ಅದ್ರಲ್ಲಿ ಚೆನ್ನಾಗಿ ಕಾಣ್ತಿದ್ದಿದ್ದು ಪ್ರೀ-ಎಂಗೇಜ್ಡ್, 1967ರ ಕೊನೇಲಿ ಬಂದ ಮಾರ್ಕ್ 2, ಅಂದ್ರೆ ಎಂಜಿಬಿಯ ಮುಂದಿನ ಆವೃತ್ತಿದು, ಅದು ಈ ಇಂಜಿನ್ನಿಗೆ ಆಗಲ್ಲ, ಹಿಂದಿನ ಪ್ಲೇಟು, ಫ್ಲೈವೀಲಿನ ರಿಂಗ್ ಗೇರು ಎರಡೂ ಬೇರೆ. ತುಕ್ಕು ಹಿಡಿದಿದ್ದ ಹಳೇ ಇನರ್ಷಿಯಾ ಸ್ಟಾರ್ಟರ್ರೇ ಸರಿಯಾದ್ದು, ಬಿಚ್ಚಿ ಬ್ರಷ್, ಬುಷ್ ಹಾಕಿದೆ, ಗರ್ ಅಂತ ತಿರುಗ್ತು.

ಈಗ ಚಕ್ರದ ವಿಷ್ಯ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡ್ತೀನಿ ಯಾಕಂದ್ರೆ ಇಲ್ಲಿ ತಪ್ಪಾದ್ರೆ ಚಕ್ರನೇ ಕಳಚ್ಕೊಂಡು ಹೋಗತ್ತೆ. ವೈರ್ ವೀಲ್ ಕಾರು, ಅಂದ್ರೆ ಹಬ್ ಮೇಲೆ ಸ್ಪ್ಲೈನು (ಚಕ್ರ ಕಚ್ಕೊಳ್ಳೋ ಉದ್ದನೆ ಹಲ್ಲು), ಮಧ್ಯದಲ್ಲಿ ಒಂದೇ ದೊಡ್ಡ ಕಿವಿ ಇರೋ ಸ್ಪಿನ್ನರ್ ನಟ್ಟು, ಸುತ್ತಿಗೇಲಿ ಬಡಿದು ಟೈಟ್ ಮಾಡೋದು. ಕಾರಿನ ಎಡಗಡೆ ಮಾಮೂಲಿ ಬಲಸುತ್ತಿನ ಥ್ರೆಡ್, ಬಲಗಡೆ ಎಡಸುತ್ತಿನ ಥ್ರೆಡ್, ಯಾವ ಕಡೆ ಆದ್ರೂ ಕಾರು ಮುಂದೆ ಹೋಗುವಾಗ ಚಕ್ರ ಯಾವ ಕಡೆ ಸುತ್ತತ್ತೋ ಆ ಕಡೆಗೇ ನಟ್ ಬಿಚ್ಚಬೇಕು. ಕೇಳಿದ್ರೆ ಉಲ್ಟಾ ಅನ್ಸತ್ತೆ ಆದ್ರೆ ಅದೇ ಸರಿ. ಹಬ್‌ಗಳನ್ನ ಅದಲು ಬದಲು ಹಾಕಿದ್ರೆ ಓಡ್ತಾ ಓಡ್ತಾ ನಟ್ ತಾನೇ ಬಿಚ್ಕೊಳತ್ತೆ.

ಇಷ್ಟು ಎಲ್ಲರಿಗೂ ಗೊತ್ತಿರತ್ತೆ. ಜನ ಮರೆಯೋದು ಪಿಚ್, ಅಂದ್ರೆ ಥ್ರೆಡ್ ಎಷ್ಟು ಒತ್ತೊತ್ತಾಗಿದೆ ಅನ್ನೋದು. ಹಳೇ ಎಂಜಿಬಿ ಹಬ್ಬಲ್ಲಿ ಇಂಚಿಗೆ 12 ಥ್ರೆಡ್, ಆಮೇಲಿನದ್ರಲ್ಲಿ 8. ನನ್ನ ಕಾರಲ್ಲಿ ಹಿಂದೆ ಎರಡೂ 12, ಮುಂದೆ ಎರಡೂ 8, ಯಾರೋ ಯಾವಾಗ್ಲೋ ಮುಂದಿನ ಹಬ್ ಬದಲಾಯಿಸಿದಾರೆ. ಸ್ಪಿನ್ನರ್ ನಾಕೂ ಮೇಲಿಂದ ನೋಡಕ್ಕೆ ಅಣ್ಣತಮ್ಮಂದ್ರು. ಸ್ಕೇಲ್ ತಗೊಂಡು ಹಬ್ ಥ್ರೆಡ್ ಮೇಲೆ ಉದ್ದಕ್ಕೆ ಇಟ್ಟು ಅರ್ಧ ಇಂಚಲ್ಲಿ ಎಷ್ಟು ಏಣು ಬರತ್ತೆ ಎಣಿಸಿದ್ರೆ ಸಾಕು, 6 ಬಂದ್ರೆ 12ರದ್ದು, 4 ಬಂದ್ರೆ 8ರದ್ದು, ಗೇಜ್ ಕೂಡ ಬೇಡ. ತಪ್ಪು ಸ್ಪಿನ್ನರ್ ಹಾಕಿದ್ರೆ ಒಂದು ಸುತ್ತು ಹೋಗಿ ಬಿಗಿಯಾಗತ್ತೆ, ಗ್ರೀಸ್ ಕಮ್ಮಿ ಇರ್ಬೇಕು ಅಂತ ಸುತ್ತಿಗೆ ತಗೊಂಡ್ರೆ ಅಲ್ಲಿಗೆ ಹಬ್ ಮುಗೀತು. ಸ್ಪ್ಲೈನ್ ಕೂಡ ಬೆರಳಲ್ಲಿ ಸವರಿ ನೋಡ್ಬೇಕು, ಹಲ್ಲಿನ ತುದಿ ಚಪ್ಪಟೆ ಇರ್ಬೇಕು, ಚಾಕು ಥರ ಚೂಪಾಗಿದ್ರೆ ಸವೆದಿದೆ ಅಂತ ಅರ್ಥ, ಅಂಥಾ ಹಬ್ಬಿಗೆ ಹೊಸ ಚಕ್ರ ಹಾಕಿದ್ರೆ ಹೊಸ ಚಕ್ರನೂ ತಿಂದುಹಾಕತ್ತೆ. ನಾನು ಮುಂದಿಂದು ಎರಡೂ 12ರ ಹಬ್ ತರಿಸಿ ನಾಕೂ ಒಂದೇ ಮಾಡ್ಕೊಂಡೆ.

ಹಬ್ ಹೆಂಗೂ ಹೊರಗೆ ಬಂತಲ್ಲ, ಬೇರಿಂಗೂ ಹಾಕೋಣ ಅಂತ ಕಿಟ್ ತರಿಸ್ದೆ. ಎರಡು ಟೇಪರ್ ಬೇರಿಂಗು, ಒಂದು ಸೀಲು, ಒಂದು ಸ್ಪ್ಲಿಟ್ ಪಿನ್ನು, ಒಂದು ಸಣ್ಣ ಗ್ರೀಸ್ ಪ್ಯಾಕೆಟ್ಟು, ಜೊತೆಗೆ ಒಂದು ಚೀಟಿ, ನಟ್ ಟೈಟ್ ಮಾಡಿ ಸ್ವಲ್ಪ ಲೂಸ್ ಬಿಡಿ ಅಂತ. ಎಂಜಿಬಿಗೆ ಇದು ನಡಿಯಲ್ಲ. ಇದ್ರಲ್ಲಿ ಎರಡು ಬೇರಿಂಗ್ ಮಧ್ಯ ಒಂದು ಸ್ಟೀಲ್ ಸ್ಪೇಸರ್, ಅದರ ಪಕ್ಕ ತೆಳು ಶಿಮ್‌ಗಳು ಬರತ್ತೆ, ನಟ್ಟನ್ನ ಪೂರಾ ಟಾರ್ಕಿಗೆ ಎಳೀಬೇಕು, ಆಗ ಸ್ಟಬ್ ಆಕ್ಸಲ್, ಸ್ಪೇಸರ್, ಬೇರಿಂಗ್ ಒಳ ರಿಂಗ್ ಎಲ್ಲಾ ಸೇರಿ ಒಂದೇ ಗಟ್ಟಿ ಕಂಬಿ ಆಗತ್ತೆ. ಎಂಡ್ ಫ್ಲೋಟ್, ಅಂದ್ರೆ ಹಬ್ ಒಳಗೆ ಹೊರಗೆ ಆಡೋ ಜಾಗ, 0.002ರಿಂದ 0.004 ಇಂಚು, ಅದನ್ನ ನಟ್ಟಲ್ಲಿ ಅಲ್ಲ, ಶಿಮ್ಮಲ್ಲಿ ಹೊಂದಿಸ್ಬೇಕು. ಶಿಮ್ 0.003, 0.005, 0.010 ಇಂಚಿಂದು ಸಿಗತ್ತೆ. ಹಳೇ ಸ್ಪೇಸರ್ ಬಿಸಾಕಿ ಬರೀ ಕಿಟ್ ಹಾಕ್ಬಿಟ್ರೆ ಕಾರು ಓಡತ್ತೆ, ಆದ್ರೆ ಸ್ಟಬ್ ಆಕ್ಸಲ್ ಬಾಗೋಕೆ ಜಾಗ ಮಾಡ್ಕೊಟ್ಟಂಗೆ. ನನ್ನದ್ರಲ್ಲಿ ಎಡಗಡೆ ಸ್ಪೇಸರ್ ಇತ್ತು, ಬಲಗಡೆ ಇರ್ಲಿಲ್ಲ. ಸ್ಪೇಸರ್ ಬಿಡಿಯಾಗಿ ಸಿಗತ್ತೆ, ಕೇಳ್ಬೇಕು ಅಷ್ಟೇ. ಡಯಲ್ ಗೇಜ್ ಹಬ್ ಮುಖಕ್ಕೆ ಒತ್ತಿ ಒಳಗೆ ಹೊರಗೆ ಎಳೆದು ನೋಡ್ತಾ, ಶಿಮ್ ಹಾಕಿ ತೆಗೆದು ಹಾಕಿ, 0.003ಕ್ಕೆ ತಂದು ನಿಲ್ಲಿಸ್ದೆ. ವೈರ್ ವೀಲ್ ಹಬ್ಬಲ್ಲಿ ಸ್ಪ್ಲಿಟ್ ಪಿನ್ ಹಾಕಕ್ಕೆ ಪಕ್ಕದಲ್ಲಿ ಒಂದು ತೂತು ಕೊಟ್ಟಿದಾರೆ, ಅಲ್ಲಿಂದ ಪಿನ್ ತೂರಿಸಿ ಮಡಚೋಷ್ಟ್ರಲ್ಲಿ ಬಾಯಿಗೆ ಬಂದ ಬೈಗುಳ ಎಲ್ಲಾ ಖರ್ಚಾಗತ್ತೆ.

ಇನ್ನು ಡಿಸ್ಟ್ರಿಬ್ಯೂಟರ್, ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚೋದು. ಕಾರಲ್ಲಿ ಇದ್ದಿದ್ದು ಲೂಕಸ್ ಕಂಪನಿಯ 45ಡಿ4, ಇದು 1970ರ ದಶಕದ ಮಧ್ಯಭಾಗದ್ದು, ಇಂಜಿನ್ ಓಡತ್ತೆ, ಆದ್ರೆ ಪಾಯಿಂಟು, ಕ್ಯಾಪು, ರೋಟರ್ ಯಾವ್ದೂ ಹಳೇದಕ್ಕೆ ಸೇರಲ್ಲ, ಅಡ್ವಾನ್ಸ್ ಕರ್ವೂ (ಇಂಜಿನ್ ವೇಗ ಏರಿದಂಗೆ ಸ್ಪಾರ್ಕ್ ಎಷ್ಟು ಮುಂಚೆ ಬರ್ಬೇಕು ಅನ್ನೋ ಲೆಕ್ಕ) ಬೇರೆ ಇಂಜಿನ್ನಿಗೆ ಬರೆದಿದ್ದು. 18ಜಿಬಿಗೆ ಬೇಕಾದ್ದು 25ಡಿ4. ಡಬ್ಬದಲ್ಲಿ ಎರಡು 25ಡಿ4 ಸಿಕ್ತು. ಸೀಮೆಎಣ್ಣೇಲಿ ಉಜ್ಜಿ ಬಾಡಿ ಪಕ್ಕ ನೋಡಿದ್ರೆ ಒಂದ್ರಲ್ಲಿ 41288, ಇನ್ನೊಂದ್ರಲ್ಲಿ 40897. ನಂಬರ್ ಹತ್ರಾನೇ ಇನ್ನೂ ಸಣ್ಣದಾಗಿ ವಾರ ಮತ್ತೆ ವರ್ಷ ಗುದ್ದಿರ್ತಾರೆ ಲೂಕಸ್‌ನವರು, ಯಾವ ವಾರದಲ್ಲಿ ಮಾಡಿದ್ದು ಅಂತ. 40897ರದ್ದು ಕಾರು ತಯಾರಾಗೋಕ್ಕಿಂತ ಸ್ವಲ್ಪ ಮುಂಚಿನ ವಾರ ತೋರಿಸ್ತಿತ್ತು, ಇದು ಈ ಕಾರಿಂದೇ ಇರ್ಬೇಕು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ.

ಆದ್ರೆ ಬಾಡಿ ನಂಬರ್ ಸರಿ ಇದ್ರೆ ಒಳಗಡೆನೂ ಸರಿ ಅಂತ ಏನಿಲ್ಲ, ಅರ್ಧ ಶತಮಾನದಲ್ಲಿ ಯಾರ್ಯಾರೋ ಎರಡರಿಂದ ಒಂದು ಮಾಡಿರ್ತಾರೆ. ಬೇಸ್ ಪ್ಲೇಟ್ ಎತ್ತಿದ್ರೆ ಕೆಳಗೆ ತೂಕದ ಗುಂಡು, ಸ್ಪ್ರಿಂಗು, ಅಲ್ಲೇ ಒಂದು ಪ್ಲೇಟಿನ ಮೇಲೆ ಡಿಗ್ರಿ ಗುದ್ದಿರತ್ತೆ, ಅದು ಡಿಸ್ಟ್ರಿಬ್ಯೂಟರ್ ಡಿಗ್ರಿ, ಕ್ರ್ಯಾಂಕ್ ಲೆಕ್ಕಕ್ಕೆ ಡಬಲ್ ಮಾಡ್ಕೊಬೇಕು. ವ್ಯಾಕ್ಯೂಮ್ ಯೂನಿಟ್ ಮೇಲೂ 5-13-10 ಅನ್ನೋ ಥರ ಮೂರು ಸಂಖ್ಯೆ ಇರತ್ತೆ, 5 ಇಂಚು ಪಾದರಸದಲ್ಲಿ ಎಳೆಯೋಕೆ ಶುರು, 13ಕ್ಕೆ ಪೂರ್ತಿ, ಎಳೆಯೋದು 10 ಡಿಗ್ರಿ ಅಂತ. ಇದನ್ನ ಓದಕ್ಕೆ ಬಂದ್ರೆ ಹಳೇ ಪಾರ್ಟ್ಸ್ ರಾಶೀಲಿ ಹತ್ತು ಕಪ್ಪು ಡಬ್ಬಿ ಬಿದ್ದಿದ್ರೂ ನಿಮ್ಮದು ಯಾವ್ದು ಅಂತ ಹೇಳಬಹುದು. ವ್ಯಾಕ್ಯೂಮ್ ಯೂನಿಟ್ ಪೈಪ್ ಬಾಯಲ್ಲಿ ಉಸಿರೆಳೆದು ನಾಲಿಗೆ ಇಟ್ಟು ಮುಚ್ಚಿದ್ರೆ ಪ್ಲೇಟ್ ಹಂಗೇ ನಿಂತ್ಕೋಬೇಕು, ಮೆಲ್ಲಗೆ ವಾಪಸ್ ಬಂದ್ರೆ ಒಳಗೆ ಡಯಾಫ್ರಂ ಹರಿದಿದೆ.

ಇಲ್ಲಿ ಹೊಸ ಮಾಲಿನ ಬಗ್ಗೆ ಒಂದು ಮಾತು. ಹೊಸ ರೋಟರ್ ಆರ್ಮ್ ಎಷ್ಟೋ ಬ್ರ್ಯಾಂಡಿಂದು, ಮೇಲಿನ ಹಿತ್ತಾಳೆ ಪಟ್ಟಿನ ಪ್ಲಾಸ್ಟಿಕ್ಕಿಗೆ ರಿವಿಟ್ ಹೊಡೆದು ಕೂರಿಸಿರ್ತಾರೆ, ಆ ರಿವಿಟ್ ಕೆಳಗಿನ ಶಾಫ್ಟಿಗೆ ತೀರಾ ಹತ್ರ ಬಂದಿರತ್ತೆ, ಬಿಸಿ ಆದ್ಮೇಲೆ ಸ್ಪಾರ್ಕ್ ಕ್ಯಾಪಿಗೆ ಹೋಗೋ ಬದ್ಲು ಪ್ಲಾಸ್ಟಿಕ್ ಸೀಳ್ಕೊಂಡು ಶಾಫ್ಟಿಗೆ ಇಳಿಯತ್ತೆ, ಕಾರು ಸುಮ್ನೆ ನಿಂತೋಗತ್ತೆ, ಜನ ಕಾರ್ಬುರೇಟರ್ ಬಿಚ್ತಾ ಕೂರ್ತಾರೆ. ರಿವಿಟ್ ಇಲ್ದೆ ಅಚ್ಚಲ್ಲೇ ಕೂರಿಸಿರೋ ಕೆಂಪು ಬಣ್ಣದ್ದು ಬರತ್ತೆ, ಅದೇ ಹಾಕಿದೀನಿ. ಕಂಡೆನ್ಸರ್ ವಿಷ್ಯದಲ್ಲೂ ಇದೇ ಗೋಳು, ಹಳೇದು ಟೆಸ್ಟಲ್ಲಿ ಚೆನ್ನಾಗಿದ್ರೆ ಹಳೇದನ್ನೇ ಉಳಿಸ್ಕೊಳ್ಳಿ, ಟ್ಯೂನ್-ಅಪ್ ಕಿಟ್ಟಲ್ಲಿ ಬಂತು ಅನ್ನೋ ಕಾರಣಕ್ಕೆ ಬದಲಾಯಿಸ್ಬೇಡಿ.

ಕಾರ್ಬುರೇಟರ್ ಎರಡು, ಎಸ್‌ಯು ಎಚ್‌ಎಸ್4, ಒಂದೂವರೆ ಇಂಚಿಂದು. ಎಚ್‌ಐಎಫ್4 ಆಮೇಲೆ ಬಂದಿದ್ದು. ನೋಡಕ್ಕೆ ಎರಡೂ ಜೋಡಿನೇ. ಡ್ಯಾಶ್‌ಪಾಟ್ ಎತ್ತಿ ಪಿಸ್ಟನ್ ತೆಗೆದು, ಪೆಟ್ರೋಲ್ ಎಷ್ಟು ಹೋಗ್ಬೇಕು ಅಂತ ಅಳೆಯೋ ಸೂಜಿ ಬಿಚ್ಚಿದಾಗ ಗೊತ್ತಾಗಿದ್ದು, ಎರಡ್ರಲ್ಲೂ ಸೂಜಿ ಬೇರೆ ಬೇರೆ. ಸೂಜಿ ಬುಡದಲ್ಲಿ ಕಣ್ಣಿಗೆ ಭೂತಗನ್ನಡಿ ಹಿಡಿದ್ರೆ ಮಾತ್ರ ಕಾಣೋ ಅಕ್ಷರ ಇರತ್ತೆ, ಒಂದರ ಅಕ್ಷರ ಸವೆದು ಹೋಗಿದ್ದಕ್ಕೆ ಮೈಕ್ರೋಮೀಟರ್ ಹಿಡಿದು ಭುಜದಿಂದ ಎಂಟನೇ ಒಂದು ಇಂಚಿಗೊಂದ್ಸಲ ದಪ್ಪ ಅಳೆದು ಚಾರ್ಟಿಗೆ ಹೋಲಿಸಿ ನೋಡ್ದೆ, ಎರಡಕ್ಕೂ ಸಂಬಂಧನೇ ಇಲ್ಲ. ಒಂದೇ ಇಂಜಿನ್ನಿಗೆ ಎರಡು ಥರ ಮಿಕ್ಸ್ಚರ್, ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನಂಗೆ. ಇಷ್ಟು ವರ್ಷ ಯಾರ್ಯಾರು ಈ ಕಾರನ್ನ ಟ್ಯೂನ್ ಮಾಡಕ್ಕೆ ಕೂತು ತಲೆ ಕೆಡಿಸ್ಕೊಂಡ್ರೋ ಪಾಪ.

ಸೂಜಿ ತರಿಸುವಾಗ ಇನ್ನೊಂದು ಗಮನ. ಇದು ಫಿಕ್ಸೆಡ್ ಸೂಜಿ ಪಿಸ್ಟನ್, ಆಮೇಲಿನ ಎಮಿಷನ್ ಕಾರುಗಳದ್ದು ಸ್ಪ್ರಿಂಗ್ ಒತ್ತಿ ಒಂದು ಕಡೆಗೆ ವಾಲಿಸೋ ಸೂಜಿ, ಒಂದು ಇನ್ನೊಂದಕ್ಕೆ ಹಾಕಕ್ಕಾಗಲ್ಲ. ಜೆಟ್, ಅಂದ್ರೆ ಸೂಜಿ ಇಳಿಯೋ ಪೆಟ್ರೋಲ್ ತೂತು, 0.090 ಇಂಚಿಂದು. ಸೂಜಿ ಭುಜ ಪಿಸ್ಟನ್ ತಳದ ಮಟ್ಟಕ್ಕೆ ಸರಿಯಾಗಿ ಕೂರ್ಬೇಕು, ಆಮೇಲೆ ಜೆಟ್ ಸೆಂಟರ್ ಮಾಡಿ ಪಿಸ್ಟನ್ ಬಿಟ್ರೆ ಟಕ್ ಅಂತ ಬ್ರಿಡ್ಜಿಗೆ ಬೀಳೋ ಸದ್ದು ಬರ್ಬೇಕು. ಒಂದು ಥ್ರಾಟಲ್ ಡಿಸ್ಕಲ್ಲಿ ಸಣ್ಣ ಸ್ಪ್ರಿಂಗ್ ವಾಲ್ವ್ ಇತ್ತು, ಅದೂ ಆಮೇಲಿನ ಎಮಿಷನ್ ಕಾರಿನ ಐಟಂ, ಸ್ಪ್ರಿಂಗ್ ಸುಸ್ತಾದ್ರೆ ಐಡಲ್ ಇಳಿಯೋದೇ ಇಲ್ಲ. ಎರಡಕ್ಕೂ ಪ್ಲೇನ್ ಡಿಸ್ಕ್ ಹಾಕಿದೆ.

ಕರೆಂಟ್ ಕಡೆ ಬಂದ್ರೆ, 1966ರ ಎಂಜಿಬಿ ಪಾಸಿಟಿವ್ ಅರ್ತ್, ಅಂದ್ರೆ ಬ್ಯಾಟರಿಯ ಪ್ಲಸ್ ಕಡೆ ಬಾಡಿಗೆ, ಸೀಟ್ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ ಸೀರೀಸಲ್ಲಿ, ಚಾರ್ಜಿಗೆ ಲೂಕಸ್ ಸಿ40 ಡೈನಮೋ, ಆರ್‌ಬಿ340 ಕಂಟ್ರೋಲ್ ಬಾಕ್ಸು. ಇದ್ರಲ್ಲಿ ಯಾರೋ ಆಲ್ಟರ್ನೇಟರ್ ಹಾಕಿ ನೆಗೆಟಿವ್ ಅರ್ತ್ ಮಾಡಿದ್ರು, ಮಾಡಿದ್ದು ತಪ್ಪಲ್ಲ, ಅರ್ಧಕ್ಕೆ ಬಿಟ್ಟಿದ್ದು ತಪ್ಪು. ಟ್ಯಾಕೋಮೀಟರ್ ಸತ್ತಿತ್ತು. ಐದು ಬೇರಿಂಗ್ ಇಂಜಿನ್ ಜೊತೆ ಬಂದ ಸ್ಮಿತ್ಸ್ ಟ್ಯಾಕೋ ಕೇಬಲ್ಲಿಂದಲ್ಲ, ಎಲೆಕ್ಟ್ರಾನಿಕ್, ಇಗ್ನಿಷನ್ನಿನ ಬಿಳಿ ವೈರ್ ಅದರ ಬೆನ್ನ ಹಿಂದೆ ಒಂದು ಲೂಪ್ ಹಾಕ್ಕೊಂಡು ಹೋಗತ್ತೆ, ಆ ಕರೆಂಟ್ ಮಿಡಿತ ಎಣಿಸಿ ಮುಳ್ಳು ತಿರುಗತ್ತೆ. ಅರ್ತ್ ಬದಲಾಯಿಸಿದ್ರೆ ಒಳಗಿನ ವೈರಿಂಗೂ, ಆ ಲೂಪಿನ ದಿಕ್ಕೂ ಎರಡೂ ತಿರುಗಿಸ್ಬೇಕು, ಅದು ಮಾಡಿರ್ಲಿಲ್ಲ. ಟ್ಯಾಕೋ ಕೆಟ್ಟಿದೆ ಅಂದ್ಕೊಂಡು ಹೊಸದು ಹುಡುಕೋರು ಇದನ್ನ ಮೊದ್ಲು ನೋಡಿ. ಡೈನಮೋ, ಕಂಟ್ರೋಲ್ ಬಾಕ್ಸ್ ಎರಡೂ ಡಬ್ಬದಲ್ಲಿ ಇದ್ದಿದ್ದಕ್ಕೆ ನಾನು ವಾಪಸ್ ಪಾಸಿಟಿವ್ ಅರ್ತಿಗೇ ಹೋದೆ, ಡೈನಮೋ ಫೀಲ್ಡ್ ಟರ್ಮಿನಲ್ಲಿಗೆ ಬ್ಯಾಟರಿಯಿಂದ ವೈರ್ ಒಂದು ಕ್ಷಣ ತಾಗಿಸಿ ಪೋಲಾರಿಟಿ ಹೊಂದಿಸಿದ್ಮೇಲೆ ಚಾರ್ಜಿಂಗ್ ಲೈಟ್ ಆರಿತು, ಟ್ಯಾಕೋನೂ ಎದ್ದು ಕೂತಿತು.

ನಟ್ ಬೋಲ್ಟ್ ಬಗ್ಗೆ ಹೇಳ್ದೆ ಹೋದ್ರೆ ನಂಗೇ ಸಮಾಧಾನ ಇಲ್ಲ. ಬಾಡಿ, ಇಂಜಿನ್ ಬಹುತೇಕ ಯುಎನ್‌ಎಫ್ ಥ್ರೆಡ್ಡು, ಆದ್ರೆ ಲೂಕಸ್ ಕರೆಂಟ್ ಐಟಂಗಳಲ್ಲಿ 2ಬಿಎ ಅನ್ನೋ ಹಳೇ ಬ್ರಿಟಿಷ್ ಅಳತೆ ಥ್ರೆಡ್ ಬರತ್ತೆ. 2ಬಿಎ ದಪ್ಪ 4.7 ಮಿಲಿಮೀಟರ್, ಪಿಚ್ 0.81. ಮೆಟ್ರಿಕ್ ಎಂ5 ದಪ್ಪ 5, ಪಿಚ್ 0.8. ಹಂಗಾಗಿ 2ಬಿಎ ಸ್ಟಡ್ಡಿಗೆ ಎಂ5 ನಟ್ ಎಷ್ಟು ಆರಾಮಾಗಿ ಇಳಿಯತ್ತೆ ಅಂದ್ರೆ ಇದೇ ಸರಿಯಾದ್ದು ಅನ್ಸಿಬಿಡತ್ತೆ, ಟೈಟ್ ಮಾಡೋವಾಗ ಜಾರತ್ತೆ. ಕಂಟ್ರೋಲ್ ಬಾಕ್ಸ್ ಮೇಲೆ ಅಂಥಾ ನಟ್‌ಗಳು ಇದ್ವು, ಲೂಸ್ ಕನೆಕ್ಷನ್ನಿಗೆ ಇನ್ನೇನು ಬೇಕು. ಬಿಎ ನಟ್ ಒಂದು ಪ್ಯಾಕೆಟ್ ತರಿಸಿ ಇಟ್ಕೊಂಡ್ರೆ ಜೀವಮಾನಕ್ಕೆ ಸಾಕು.

ಪಾರ್ಟ್ ನಂಬರ್ ಓದೋದು ಬೇಗ ಅಭ್ಯಾಸ ಆಗತ್ತೆ. 12ಎಚ್ ಅಂತ ಶುರುವಾದ್ರೆ ಇಂಜಿನ್ ಕಡೆಯದ್ದು, ಸಿಲಿಂಡರ್ ಹೆಡ್ ಮೇಲೆ ಎರಕದಲ್ಲೇ 12ಎಚ್906 ಅಂತ ಬಂದಿದೆ, ಈ ಇಂಜಿನ್ನಿಗೆ ಸರಿಯಾದ್ದೇ. ಎಎಚ್‌ಎಚ್ ಅಂದ್ರೆ ಎಂಜಿ ಕಡೆಯದ್ದು. ಜಿಡಬ್ಲ್ಯುಪಿ, ಜಿಎಫ್‌ಇ ಅಂತ ಜಿ ಇಂದ ಶುರುವಾಗೋದು ಆಮೇಲೆ ಕೊಟ್ಟ ಸರ್ವಿಸ್ ನಂಬರ್, ವಾಟರ್ ಪಂಪು, ಫಿಲ್ಟರು ಇಂಥಾವು. ಹಳೇ ನಂಬರಿಗೆ ಬದಲಾಗಿ ಹೊಸ ನಂಬರು, ಅದಕ್ಕೆ ಬದಲಾಗಿ ಇನ್ನೊಂದು ಅಂತ ಸರಪಳಿ ಹೋಗತ್ತೆ, ಪ್ರತಿ ಕೊಂಡಿಯಲ್ಲೂ ಒಂದು ಸಣ್ಣ ವ್ಯತ್ಯಾಸ ಸೇರ್ಕೊಂಡಿರಬಹುದು, ಹಂಗಾಗಿ ಸರಪಳಿ ಕೊನೇ ನಂಬರ್ ಆರ್ಡರ್ ಮಾಡಿದ್ರೂ ಬಂದಿದ್ದನ್ನ ಹಳೇದರ ಪಕ್ಕ ಇಟ್ಟು ವರ್ನಿಯರ್ ಹಿಡೀಲೇಬೇಕು. ಹೊಸದು ಕೂತು, ಓಡಿ, ಸರಿ ಅನ್ಸೋ ತನಕ ಹಳೇದನ್ನ ಎಸೀಬೇಡಿ, ಎಷ್ಟು ಕೊಳಕಾಗಿದ್ರೂ ಸರಿ.

ಉಳಿದಿರೋದು ಸ್ಪೀಡೋಮೀಟರ್. ಡಬ್ಬದಲ್ಲಿ ಸಿಕ್ಕಿದ್ದರ ಡಯಲ್ ಮೇಲೆ ಸಣ್ಣಕ್ಷರದಲ್ಲಿ 1280 ಅಂತಿದೆ, ಅಂದ್ರೆ ಒಂದು ಮೈಲಿಗೆ ಕೇಬಲ್ 1280 ಸುತ್ತು ಸುತ್ತಿದ್ರೆ ಇದು ಸರಿಯಾಗಿ ತೋರಿಸತ್ತೆ. ಇದು ಮಾರ್ಕ್ 2ರದ್ದು. ಚೆಕ್ ಮಾಡೋದು ಸುಲಭ, ಮೀಟರ್ ಕಡೆ ಕೇಬಲ್ ಬಿಚ್ಚಿ ಒಳಗಿನ ಎಳೆಗೆ ಒಂದು ಟೇಪ್ ಬಾವುಟ ಅಂಟಿಸಿ, ನೆಲದ ಮೇಲೆ 52 ಅಡಿ 9.6 ಇಂಚು ಅಳೆದು ಗೆರೆ ಹಾಕಿ, ಅದು ಮೈಲಿಯ ನೂರನೇ ಒಂದು ಭಾಗ, ಅಷ್ಟು ದೂರ ಕಾರನ್ನ ನೇರಕ್ಕೆ ತಳ್ಳಿ ಬಾವುಟ ಎಷ್ಟು ಸುತ್ತು ಬಂತು ಎಣಿಸಿ ನೂರರಿಂದ ಗುಣಿಸೋದು. ನನಗೆ ಹತ್ತು ಸುತ್ತು ಮುಗಿದು ಐದನೇ ಒಂದು ಭಾಗ ಬಂತು, ಅಂದ್ರೆ 1020 ಹತ್ರ. 1280ರ ಮೀಟರ್ ಹಾಕಿದ್ರೆ 60ರಲ್ಲಿ ಹೋಗ್ತಿರುವಾಗ 48 ತೋರಿಸತ್ತೆ. ಒಳ್ಳೇ ಡಯಲ್ ಇರೋ 1020ರದ್ದು ಒಂದು ಕಣ್ಣಿಗೆ ಬಿದ್ದಿದೆ, ಮಾರೋರ ಹತ್ರ ಹಿಂಬದಿ ಫೋಟೋ ಕೇಳಿದೀನಿ, ಕೇಬಲ್ ಕೂರೋ ಬಾಯಿ ನೋಡಿ ಆಮೇಲೆ ತಗೋತೀನಿ.